ಮುಳುಗಿದವರ ನಗು, ನೋಡಿದವರ ನಗು: ಸಂಕಟದ ಹೊತ್ತಲ್ಲಿ ಮೀಮ್‌ಗಳು ಏನು ಮಾಡುತ್ತವೆ?

2022ರ ಸೆಪ್ಟೆಂಬರ್ 4, ಭಾನುವಾರ ರಾತ್ರಿ ಬೆಂಗಳೂರಿನಲ್ಲಿ ಹಿಡಿದ ಮಳೆ ಬೆಳಗಾಗುವ ಹೊತ್ತಿಗೆ 131.6 ಮಿಲಿಮೀಟರ್ ಸುರಿದಿತ್ತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಎಲ್ಲ ಕೆರೆಯಾಗಿದ್ದವು. ಲ್ಯಾಪ್‌ಟಾಪ್ ಬ್ಯಾಗ್ ಅಪ್ಪಿಕೊಂಡು ₹50 ಕೊಟ್ಟು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೊರಟವರ ಫೋಟೊಗಳು ಮಧ್ಯಾಹ್ನದೊಳಗೆ ಎಲ್ಲರ ಫೋನಿಗೂ ಬಂದವು. ಸಾಲದ್ದಕ್ಕೆ, ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್‌ಹೌಸ್‌ಗೆ ಮಳೆನೀರು ನುಗ್ಗಿ ಬೆಂಗಳೂರಿಗೆ ಬರುವ ಕಾವೇರಿ ನೀರು ನಿಂತಿತು. ಮನೆಯೊಳಗೆ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ತೊಟ್ಟು ನೀರಿಲ್ಲ. ಮೀಮ್ ಮಾಡುವವರು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೇ ಜೋಕು.

ಸೋಮವಾರ ರಾತ್ರಿ ವೈಟ್‌ಫೀಲ್ಡ್ ಕಡೆ, ನಿಂತ ನೀರಿನಲ್ಲಿ ಸ್ಕೂಟರ್ ಜಾರಿ, ಆಸರೆಗೆಂದು ವಿದ್ಯುತ್ ಕಂಬ ಹಿಡಿದ 23 ವರ್ಷದ ಯುವತಿಯೊಬ್ಬಳು ಶಾಕ್ ಹೊಡೆದು ಸತ್ತಳು. ಟ್ರ್ಯಾಕ್ಟರ್ ಜೋಕು, ಸಾವಿನ ಸುದ್ದಿ ಎರಡೂ ಒಂದೇ ಫೋನಿನಲ್ಲಿ ಒಂದರ ಕೆಳಗೊಂದು ಬಂದವು.

ಪ್ರವಾಹ, ಸಾಂಕ್ರಾಮಿಕ, ಯುದ್ಧ, ಭೂಕಂಪ ಯಾವುದೇ ಇರಲಿ, ಈಗ ಜೋಕು ಸುದ್ದಿಯ ಜೊತೆಗೇ ಬರುತ್ತದೆ. ಕೆಲವೊಮ್ಮೆ ಸುದ್ದಿಗಿಂತ ಮೊದಲೇ ಬರುತ್ತದೆ. ಅದು ಜನರಿಗೆ ಧೈರ್ಯ ತುಂಬುತ್ತದಾ, ನೋವಿಗೆ ಉಪ್ಪು ಸವರುತ್ತದಾ? ಒಂದೇ ಜೋಕು ಎರಡನ್ನೂ ಮಾಡಬಲ್ಲದು. ಯಾವಾಗ ಯಾವುದು ಎಂದು ತಿಳಿಯಲು ಮೊದಲು ನಗುವಿನ ಬಗ್ಗೆ ಒಂದೆರಡು ವಿಷಯ ಗೊತ್ತಿರಬೇಕು.

ನಗು ಬರುವುದು ಎಲ್ಲಿಂದ?

ಅಮೆರಿಕದ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ ಎಂಬ ಸಂಶೋಧಕರು 2010ರಲ್ಲಿ ಒಂದು ಸರಳ ವಿವರಣೆ ಕೊಟ್ಟರು. ಅವರ ಪ್ರಕಾರ ನಗು ಬರಬೇಕಾದರೆ ಎರಡು ಸಂಗತಿ ಒಟ್ಟಿಗೆ ಆಗಬೇಕು. ಏನೋ ಒಂದು ಕೆಟ್ಟಿರಬೇಕು, ಅಂದರೆ ಕ್ರಮ ತಪ್ಪಿರಬೇಕು. ಜೊತೆಗೆ, ಅದರಿಂದ ಅಪಾಯವೇನಿಲ್ಲ ಎಂದೂ ಅನಿಸಬೇಕು.

ಕಚಗುಳಿಯನ್ನೇ ತೆಗೆದುಕೊಳ್ಳಿ. ಅಣ್ಣನೋ ಅಕ್ಕನೋ ಕಚಗುಳಿ ಇಟ್ಟರೆ ಮಗು ಬಿದ್ದು ಬಿದ್ದು ನಗುತ್ತದೆ. ಅದು ಒಂದು ಥರದ ದಾಳಿಯೇ, ಆದರೆ ಮಾಡುತ್ತಿರುವವರು ನಮ್ಮವರು. ನಮಗೆ ನಾವೇ ಇಟ್ಟುಕೊಂಡರೆ ದಾಳಿಯೇ ಇಲ್ಲ, ನಗುವೂ ಇಲ್ಲ. ಬಸ್ಸಿನಲ್ಲಿ ಯಾರೋ ಅಪರಿಚಿತ ಬಂದು ಇಟ್ಟರೆ ನಗು ಬರುವುದಿಲ್ಲ, ಮೈ ಉರಿಯುತ್ತದೆ. ಬೆರಳು ಅವೇ, ಪಕ್ಕೆಯೂ ಅದೇ. ಬದಲಾದದ್ದು ‘ಅಪಾಯವಿಲ್ಲ’ ಎಂಬ ನಂಬಿಕೆ ಮಾತ್ರ.

ಸಂಕಟದ ಹೊತ್ತಿನಲ್ಲಿ ಕ್ರಮ ತಪ್ಪಿದ್ದಕ್ಕೆ ಬರವಿಲ್ಲ. ರಸ್ತೆ ಕೆರೆಯಾಗುತ್ತದೆ, ಮದುವೆ ಜೂಮ್‌ನಲ್ಲಿ ನಡೆಯುತ್ತದೆ. ಹಾಗಾಗಿಯೇ ಜೋಕುಗಳು ಅಷ್ಟೊಂದು ಹುಟ್ಟುತ್ತವೆ. ಅಪಾಯವಿಲ್ಲ ಎನ್ನುವ ಎರಡನೆಯ ಭಾಗ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಜಯನಗರದ ಮೂರನೇ ಮಹಡಿಯಲ್ಲಿ ಕೂತು ಟ್ರ್ಯಾಕ್ಟರ್ ಫೋಟೊ ನೋಡಿದವರಿಗೆ ಅಪಾಯವಿರಲಿಲ್ಲ. ಯಮಲೂರಿನಲ್ಲಿ ವಯಸ್ಸಾದ ಅಮ್ಮನನ್ನು ದೋಣಿ ಹತ್ತಿಸುತ್ತಿದ್ದವರಿಗೆ ಇತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನಮ್ಮವರು ಯಾವತ್ತೋ ಹೇಳಿದ್ದು ಇದನ್ನೇ.

ದೂರದ ಲೆಕ್ಕ

ಇದೇ ಸಂಶೋಧಕರ ತಂಡ ಇನ್ನೊಂದು ಕೆಲಸ ಮಾಡಿತು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಎಂಬ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿತು. ಆಗ ಟ್ವಿಟರ್‌ನಲ್ಲಿ ಚಂಡಮಾರುತವೇ ಮಾತಾಡುತ್ತಿರುವಂತೆ ತಮಾಷೆ ಟ್ವೀಟ್ ಹಾಕುವ ಖಾತೆಯೊಂದು ಇತ್ತು. ತಂಡ ಆ ಟ್ವೀಟ್‌ಗಳನ್ನು ಬೇರೆ ಬೇರೆ ದಿನ ಬೇರೆ ಬೇರೆ ಜನರಿಗೆ ತೋರಿಸಿ, ಎಷ್ಟು ನಗು ಬಂತು ಎಂದು ಕೇಳಿತು.

ಚಂಡಮಾರುತ ಬರುವ ಹಿಂದಿನ ದಿನ ಜನ ಚೆನ್ನಾಗಿಯೇ ನಕ್ಕರು. ಹಾನಿಯ ಚಿತ್ರಗಳು ಬರತೊಡಗಿದಂತೆ ನಗು ಇಳಿಯಿತು, ಎರಡು ವಾರದ ಹೊತ್ತಿಗೆ ಪಾತಾಳ ಮುಟ್ಟಿತು. ಆಮೇಲೆ ಮತ್ತೆ ಏರಿತು. ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು 36ನೇ ದಿನಕ್ಕೆ. ಅದಾದ ಮೇಲೆ ಮತ್ತೆ ಇಳಿಯಿತು. ಈ ಸಲ ಇಳಿದದ್ದು ನೋವಿನಿಂದಲ್ಲ, ವಿಷಯ ಹಳಸಿದ್ದರಿಂದ.

ಅಂದರೆ ದೊಡ್ಡ ದುರಂತದ ಜೋಕಿಗೆ ಒಂದು ಕಾಲ ಇರುತ್ತದೆ. ತೀರಾ ಬೇಗ ಹೇಳಿದರೆ ಚುಚ್ಚುತ್ತದೆ, ತೀರಾ ತಡವಾದರೆ ಸಪ್ಪೆ. ಸಣ್ಣ ಎಡವಟ್ಟಿನ ಲೆಕ್ಕ ಉಲ್ಟಾ. ನಿನ್ನೆ ಕಾಲು ಎಡವಿದ್ದು ಇವತ್ತು ತಮಾಷೆ, ಐದು ವರ್ಷದ ಹಿಂದೆ ಎಡವಿದ್ದರಲ್ಲಿ ಏನಿದೆ?

ಇಲ್ಲಿ ದೂರ ಅಂದರೆ ಬರೀ ದಿನಗಳ ಲೆಕ್ಕ ಅಲ್ಲ. ಊರಿನ ದೂರವೂ ಹೌದು, ಸಂಬಂಧದ ದೂರವೂ ಹೌದು.

2020ರಲ್ಲಿ ನಕ್ಕವರು 2021ರಲ್ಲಿ ಯಾಕೆ ನಗಲಿಲ್ಲ?

ನಮ್ಮದೇ ಅನುಭವ ಇದಕ್ಕೆ ಒಳ್ಳೆಯ ಸಾಕ್ಷಿ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಆಗ ಇಡೀ ದೇಶದಲ್ಲಿ ಪತ್ತೆಯಾಗಿದ್ದ ಕೇಸುಗಳು ಸುಮಾರು 500. ಹೆಚ್ಚಿನವರಿಗೆ ಕೊರೊನಾ ಬಂದವರು ಒಬ್ಬರೂ ಪರಿಚಯವಿರಲಿಲ್ಲ. ರೋಗ ಟಿವಿಯಲ್ಲಿತ್ತು, ಮನೆಯಲ್ಲಿದ್ದದ್ದು ಬೇಸರ. ಆ ಬೇಸರದಿಂದಲೇ ಜೋಕುಗಳು ಬಂದವು. ಡಲ್ಗೋನಾ ಕಾಫಿ ಕಲಕಿ ಕೈ ಸೋತದ್ದು, ಮೀಟಿಂಗ್‌ನಲ್ಲಿ ಮೇಲೆ ಶರ್ಟ್ ಕೆಳಗೆ ಲುಂಗಿ, ದೂರದರ್ಶನದಲ್ಲಿ ಮತ್ತೆ ಶುರುವಾದ ರಾಮಾಯಣ, ಕಟಿಂಗ್ ಶಾಪ್ ಮುಚ್ಚಿದ ಮೇಲೆ ಹೆಂಡತಿಯ ಕೈಗೆ ಸಿಕ್ಕ ತಲೆ. ಫ್ಯಾಮಿಲಿ ಗ್ರೂಪುಗಳಲ್ಲಿ ಗುಡ್ ಮಾರ್ನಿಂಗ್ ಹೂವುಗಳನ್ನೂ ಹಿಂದೆ ಹಾಕಿದ್ದು ಇವೇ. ಅದೇ ದಿನಗಳಲ್ಲಿ ವಲಸೆ ಕಾರ್ಮಿಕರು ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆಯುತ್ತಿದ್ದರು. ಅವರ ಪಾಲಿಗೆ ಲಾಕ್‌ಡೌನ್ ಬೇಸರದ ವಿಷಯವಾಗಿರಲೇ ಇಲ್ಲ.

2021ರ ಏಪ್ರಿಲ್ ಕೊನೆಗೆ ಚಿತ್ರವೇ ಬದಲಾಯಿತು. ದೇಶದಲ್ಲಿ ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ಹೊಸ ಕೇಸುಗಳು. ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ದುರಂತ. ಈಗ ರೋಗ ಅಕ್ಕಪಕ್ಕದ ಮನೆಯಲ್ಲಿತ್ತು, ಎಷ್ಟೋ ಕಡೆ ನಮ್ಮ ಮನೆಯಲ್ಲೇ ಇತ್ತು. ಜೋಕು ನಿಂತೇಹೋಯಿತು ಅನ್ನಲಾಗದು, ಆದರೆ ಫೋನಿನ ಧ್ವನಿ ಬದಲಾಗಿತ್ತು. ಬೆಡ್ ಎಲ್ಲಿದೆ, ಸಿಲಿಂಡರ್ ಯಾರ ಹತ್ತಿರ ಇದೆ, ಪ್ಲಾಸ್ಮಾ ಬೇಕು ಎಂಬ ಮೆಸೇಜುಗಳೇ ತುಂಬಿದವು.

ಆಗ ಒಂದು ಬೆಳವಣಿಗೆ ಆಯಿತು. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎನ್ನುವುದು ನನ್ನ ಅನಿಸಿಕೆ. ಅಲ್ಲಿಯವರೆಗೆ ಬರೀ ತಮಾಷೆ ಹಾಕುತ್ತಿದ್ದ ಎಷ್ಟೋ ಮೀಮ್ ಪೇಜುಗಳು ಬೆಡ್, ಆಕ್ಸಿಜನ್ ಮಾಹಿತಿ ಹಂಚತೊಡಗಿದವು. ಅವುಗಳಿಗೆ ಲಕ್ಷಾಂತರ ಫಾಲೋವರ್‌ಗಳಿದ್ದರು. ಹಾಕಿದ್ದನ್ನು ತಕ್ಷಣ ನೋಡುವ, ತಕ್ಷಣ ಹಂಚುವ ಅಭ್ಯಾಸ ಆ ಜನರಿಗೆ ಮೊದಲೇ ಆಗಿತ್ತು. ಆ ಅಭ್ಯಾಸ ಮಾಡಿಸಿದ್ದು ಜೋಕುಗಳು.

ಒಟ್ಟಿಗೆ ನಗುವುದರಿಂದ ಆಗುವುದೇನು?

ಮನುಷ್ಯ ಒಂಟಿಯಾಗಿ ನಗುವುದು ಕಡಿಮೆ. ನಗುವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್, ಒಬ್ಬರೇ ಇರುವಾಗಿಗಿಂತ ಜನರ ಜೊತೆ ಇರುವಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದು ಕಂಡುಕೊಂಡಿದ್ದರು. ‘ನಿನಗೂ ಹೀಗೇ ಆಗ್ತಿದೆಯಾ? ನನಗೂ’ ಅನ್ನುವುದೇ ಬಹುಪಾಲು ನಗುವಿನ ಒಳಮಾತು. ಮನೆಯೊಳಗೆ ಸಿಕ್ಕಿಬಿದ್ದ ಜನಕ್ಕೆ ಆ ಮಾತು ಬೇಕಿತ್ತು. ಫಾರ್ವರ್ಡ್ ಮಾಡಿದ ಜೋಕು ಎಷ್ಟೋ ಸಲ ‘ನಾನು ಚೆನ್ನಾಗಿದ್ದೀನಿ, ನೀನು ಹೇಗಿದ್ದೀಯ’ ಎಂದು ಕೇಳುವ ದಾರಿ. ನೇರವಾಗಿ ಹಾಗೆ ಕೇಳಲು ನಾಚಿಕೊಳ್ಳುವ ಗಂಡಸರಿಗಂತೂ ಇದು ತುಂಬಾ ಅನುಕೂಲ.

ದೊಡ್ಡವರ ವಿರುದ್ಧದ ನಗುವಿಗೆ ಬೇರೆಯೇ ಬಲವಿದೆ. ನಾಜಿಗಳು ಜೆಕೊಸ್ಲೊವಾಕಿಯಾವನ್ನು ಹಿಡಿದುಕೊಂಡಾಗ ಅಲ್ಲಿನ ಜನ ಗುಟ್ಟಾಗಿ ಹೇಳಿಕೊಳ್ಳುತ್ತಿದ್ದ ಜೋಕುಗಳ ಬಗ್ಗೆ ಆಂಟೊನಿನ್ ಓಬ್ರ್ಡ್‌ಲಿಕ್ ಎಂಬ ಸಮಾಜಶಾಸ್ತ್ರಜ್ಞ 1942ರಲ್ಲಿ ಬರೆದ. ಆ ನಗು ತುಳಿತಕ್ಕೆ ಸಿಕ್ಕವರ ಮನೋಬಲ ಕಾಯುತ್ತದೆ, ತುಳಿಯುವವರ ಮನೋಬಲ ಕುಗ್ಗಿಸುತ್ತದೆ ಎಂಬುದು ಅವನ ತೀರ್ಮಾನ.

ನಮ್ಮೂರಿನ ಉದಾಹರಣೆ ಇಷ್ಟು ಗಂಭೀರವಲ್ಲ. 2019ರ ಸೆಪ್ಟೆಂಬರ್ ಶುರುವಿನಲ್ಲಿ ಎಲ್ಲರೂ ಚಂದ್ರಯಾನ-2 ಚಂದ್ರನ ಮೇಲೆ ಇಳಿಯುವುದನ್ನು ಕಾಯುತ್ತಿದ್ದರು. ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ರಾತ್ರಿ ವಿಡಿಯೊ ಮಾಡಿಸಿದರು. ಗಗನಯಾತ್ರಿಯ ಬಟ್ಟೆ ತೊಟ್ಟವನೊಬ್ಬ ಚಂದ್ರನ ಮೇಲೆ ನಡೆದಂತೆ ನಿಧಾನಕ್ಕೆ ಹೆಜ್ಜೆ ಹಾಕುತ್ತಾನೆ. ನೋಡುವವರು ನಂಬಿಯೇಬಿಡಬೇಕು, ಅಷ್ಟರಲ್ಲಿ ಪಕ್ಕದಲ್ಲೊಂದು ಆಟೊ ಹಾದುಹೋಗುತ್ತದೆ. ವಿಡಿಯೊ ವೈರಲ್ ಆದ ಬೆನ್ನಲ್ಲೇ ಆ ರಸ್ತೆಯ ರಿಪೇರಿ ಶುರುವಾಯಿತು. ಅರ್ಜಿ ಕೊಟ್ಟರೆ ಫೈಲ್ ಸೇರುತ್ತದೆ, ನಗಿಸಿದರೆ ನ್ಯಾಷನಲ್ ನ್ಯೂಸ್ ಸೇರುತ್ತದೆ!

ಆದರೆ ಇದರಲ್ಲೇ ಒಂದು ಓರೆಯೂ ಇದೆ. ಯಾವುದರಲ್ಲಿ ತಮಾಷೆ ಇದೆಯೋ ಅದು ಮಾತ್ರ ಕಣ್ಣಿಗೆ ಬೀಳುತ್ತದೆ. 2022ರ ಪ್ರವಾಹದಲ್ಲಿ ವಿಲ್ಲಾ ಮುಂದೆ ತೇಲುವ ದುಬಾರಿ ಕಾರಿನ ಫೋಟೊ ದೇಶ ಸುತ್ತಿತು. ಅದೇ ಭಾಗದ ತಗಡಿನ ಶೆಡ್ಡುಗಳಲ್ಲಿದ್ದ ಕೂಲಿಯವರ ಅಕ್ಕಿ ಬೇಳೆಯೂ ನೀರುಪಾಲಾಗಿತ್ತು. ಅದರಲ್ಲಿ ಜೋಕು ಹುಟ್ಟುವುದಿಲ್ಲ, ಹಾಗಾಗಿ ಅದು ಅಷ್ಟು ಓಡಲಿಲ್ಲ. ‘ಐಟಿಯವರ ಪ್ರವಾಹ’ ಎಂಬ ಹೆಸರು ಹೊರಗಿನವರ ನೆನಪಿನಲ್ಲಿ ಉಳಿದದ್ದು ಹೀಗೆ.

ಫೋನು ಏನನ್ನು ಬದಲಿಸಿತು?

ಸಾವಿನ ಮನೆಯ ಜಗಲಿಯಲ್ಲೂ ಜನ ನಗುತ್ತಾರೆ. ತೀರಿಕೊಂಡ ಅಜ್ಜನ ಕಿಲಾಡಿತನ ನೆನೆದು ಯಾರೋ ಒಂದು ಮಾತು ಹೇಳಿದರೆ ಮಗಳೂ ಕಣ್ಣೊರೆಸಿಕೊಂಡು ನಗುತ್ತಾಳೆ. ಹೇಳಿದವರು ಯಾರು, ಕೇಳುತ್ತಿರುವವರು ಯಾರು ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಮುಖ ನೋಡಿ ಮಾತು ನಿಲ್ಲಿಸಬಹುದು.

ಫಾರ್ವರ್ಡ್ ಆದ ಜೋಕಿಗೆ ಮುಖವಿಲ್ಲ. ಯಾರು, ಎಲ್ಲಿ, ಯಾಕೆ ಹೇಳಿದರು ಎಂಬುದು ಎರಡು ಮೂರು ಗ್ರೂಪು ದಾಟುವಷ್ಟರಲ್ಲಿ ಉದುರಿಹೋಗುತ್ತದೆ. ಮುಳುಗಿದವನೇ ತನ್ನ ಬಗ್ಗೆ ಮಾಡಿಕೊಂಡ ಜೋಕು ದಡದಲ್ಲಿದ್ದವರ ಕೈಗೆ ಸಿಕ್ಕಾಗ ಅಣಕವಾಗುತ್ತದೆ. ಅಕ್ಷರ ಒಂದೂ ಬದಲಾಗಿರುವುದಿಲ್ಲ.

ಒಂದು ಬಿಲ್ಲಿನ ಕಥೆ ಕೇಳಿ. 2020ರ ಮೇ 4ರಂದು ಕರ್ನಾಟಕದಲ್ಲಿ ಮದ್ಯದಂಗಡಿಗಳು ಮತ್ತೆ ತೆರೆದವು. ಕ್ಯೂ ನಿಂತವರ ಫೋಟೊ, ಅಂಗಡಿಗೆ ಪೂಜೆ ಮಾಡಿದವರ ವಿಡಿಯೊ, ‘ರಾಜ್ಯದ ಖಜಾನೆ ಕಾಪಾಡುವ ವೀರರು’ ಎಂಬಂಥ ಜೋಕುಗಳು ಸಾಲುಸಾಲಾಗಿ ಬಂದವು. ಅವುಗಳ ನಡುವೆ ಬೆಂಗಳೂರಿನ ಅಂಗಡಿಯೊಂದರ ಬಿಲ್ಲು. ಮೊತ್ತ ₹52,841. ರಾಜ್ಯವೇ ನಕ್ಕಿತು. ಅಬಕಾರಿ ಇಲಾಖೆ ಮಾತ್ರ ನಗಲಿಲ್ಲ. ಒಬ್ಬರಿಗೆ ಮಾರಬಹುದಾದದ್ದು 2.6 ಲೀಟರ್ ಮದ್ಯ ಅಥವಾ 18 ಲೀಟರ್ ಬಿಯರ್ ಮಾತ್ರ ಎಂದು ಅಂಗಡಿಯ ಮೇಲೆ ಕೇಸು ಹಾಕಿತು. ಎಂಟು ಜನ ಸೇರಿ ಕೊಂಡದ್ದು, ದುಡ್ಡು ಒಂದೇ ಕಾರ್ಡಿನಿಂದ ಕಟ್ಟಿದ್ದು ಎಂದು ಅಂಗಡಿಯವರು ಸಮಜಾಯಿಷಿ ಕೊಟ್ಟರು. ಯಾರದೋ ಸ್ನೇಹಿತರ ಗ್ರೂಪಿಗೆ ಸುಮ್ನೆ ಹಾಕಿದ ಫೋಟೊ ಸರ್ಕಾರಿ ಕಡತದಲ್ಲಿ ಸಾಕ್ಷಿಯಾಯಿತು.

ಇನ್ನೊಂದು ಅಪಾಯ, ಜೋಕು ಸುದ್ದಿಯಾಗಿಬಿಡುವುದು. 2020ರ ಮಾರ್ಚ್‌ನಲ್ಲಿ ‘ಜನ ಮನೆಯಲ್ಲೇ ಇರಲಿ ಎಂದು ರಷ್ಯಾ ಬೀದಿಗೆ 500 ಸಿಂಹ ಬಿಟ್ಟಿದೆ’ ಎಂಬ ಫಾರ್ವರ್ಡ್ ಬಂದದ್ದು ನೆನಪಿದೆಯಾ? ಟಿವಿ ಸುದ್ದಿಯ ಚೌಕಟ್ಟಿನೊಳಗೆ ರಾತ್ರಿ ಬೀದಿಯಲ್ಲಿ ನಿಂತ ಸಿಂಹದ ಫೋಟೊ ಇತ್ತು. ಆ ಫೋಟೊ 2016ರದ್ದು, ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ ಶೂಟಿಂಗ್‌ಗೆಂದು ತಂದಿದ್ದ ಕೊಲಂಬಸ್ ಎಂಬ ಸಿಂಹದ್ದು. ತಮಾಷೆಗೆ ಮಾಡಿದ್ದನ್ನು ಕೆಲವರು ನಕ್ಕು ಹಂಚಿದರು, ಕೆಲವರು ನಂಬಿ ಹಂಚಿದರು. ಪಡೆದವನಿಗೆ ಇವೆರಡರ ವ್ಯತ್ಯಾಸ ತಿಳಿಯುವ ಬಗೆ ಇಲ್ಲ. ಭಯದಲ್ಲಿರುವ ಮನಸ್ಸು ಏನನ್ನಾದರೂ ನಂಬುತ್ತದೆ, ಅಲ್ವಾ? ಸ್ಯಾಂಡಿ ಚಂಡಮಾರುತದ ಸಮಯದ ಸುಳ್ಳು ಫೋಟೊಗಳ ಬಗ್ಗೆ ದೆಹಲಿಯ ಐಐಐಟಿಯ ಸಂಶೋಧಕರಿದ್ದ ತಂಡವೊಂದು ಅಧ್ಯಯನ ಮಾಡಿತ್ತು. ಅಂಥ ಫೋಟೊ ಇದ್ದ ಟ್ವೀಟ್‌ಗಳಲ್ಲಿ 86% ಬರೀ ರೀಟ್ವೀಟ್‌ಗಳು. ಹುಟ್ಟಿಸಿದವರು ಕೆಲವೇ ಜನ, ಹೊತ್ತು ತಿರುಗಿದವರೇ ಜಾಸ್ತಿ.

ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುವಂತೆ ಮಿತಿ ಹಾಕಿದ್ದು ಈ ಕಾರಣಕ್ಕೇ. ಜೋಡಿ ಬಾಣದ ಗುರುತು ಕಂಡರೆ ಅದು ಅಂಥ ಮೆಸೇಜು ಎಂದರ್ಥ.

ಯಾರ ಮೇಲೆ ನಗುತ್ತಿದ್ದೇವೆ?

ಕೊರೊನಾ ಶುರುವಿನಲ್ಲಿ ‘ಚೀನಾ ಮಾಲು’, ‘ಬಾವಲಿ ಸೂಪು’ ಜೋಕುಗಳು ಧಾರಾಳವಾಗಿ ಓಡಾಡಿದವು. ಚೀನಾದವರು ಇಲ್ಲಿ ಯಾರಿದ್ದಾರೆ, ಯಾರಿಗೆ ನೋವು ಎಂದು ಕಳಿಸಿದವರಿಗೆ ಅನಿಸಿರಬಹುದು. ಪೆಟ್ಟು ಬಿದ್ದದ್ದು ನಮ್ಮದೇ ದೇಶದ ಈಶಾನ್ಯ ರಾಜ್ಯಗಳವರ ಮೇಲೆ. ರಸ್ತೆಯಲ್ಲಿ ‘ಕೊರೊನಾ’ ಎಂದು ಕೂಗಿದರು, ಮನೆ ಖಾಲಿ ಮಾಡಿ ಎಂದರು. 2020ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ಇಂಥ ಕಿರುಕುಳ ತಡೆಯಿರಿ ಎಂದು ರಾಜ್ಯಗಳಿಗೆ ಸೂಚನೆ ಕಳಿಸಬೇಕಾಯಿತು. ಅದೇ ತಿಂಗಳ ಕೊನೆಗೆ ಮೈಸೂರಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ದಿನಸಿ ಕೊಳ್ಳಲು ಒಳಗೇ ಬಿಡಲಿಲ್ಲ. ಪೊಲೀಸ್ ಕೇಸಾಯಿತು.

ಜೋಕಿನಿಂದಲೇ ಇದೆಲ್ಲ ಆಯಿತಾ? ಹಾಗೆ ನೇರವಾಗಿ ಹೇಳಲಾಗದು. ಥಾಮಸ್ ಫೋರ್ಡ್ ಮತ್ತು ಮಾರ್ಕ್ ಫರ್ಗುಸನ್ ಎಂಬ ಮನಃಶಾಸ್ತ್ರಜ್ಞರು 2004ರಲ್ಲಿ ಕೊಟ್ಟ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಗುಂಪನ್ನು ಹೀಯಾಳಿಸುವ ಜೋಕು ದ್ವೇಷವಿಲ್ಲದವನಲ್ಲಿ ದ್ವೇಷ ಹುಟ್ಟಿಸುವುದಕ್ಕಿಂತ, ಒಳಗೆ ಅದನ್ನು ಬಚ್ಚಿಟ್ಟುಕೊಂಡವನಿಗೆ ಧೈರ್ಯ ಕೊಡುತ್ತದೆ. ಸುತ್ತಲಿನವರು ನಗುತ್ತಿದ್ದಾರೆ ಅಂದಮೇಲೆ ಇಲ್ಲಿ ಇದೆಲ್ಲ ನಡೆಯುತ್ತದೆ ಎಂದು ಅವನು ಲೆಕ್ಕ ಹಾಕುತ್ತಾನೆ. ತಮಾಷೆ ಮಾಡಿದ್ದು ಎಂಬ ರಕ್ಷಣೆಯೂ ಸಿಗುತ್ತದೆ. ಬೇಜಾರು ಮಾಡಿಕೊಂಡವರೇ ‘ಜೋಕ್ ಅರ್ಥವಾಗದವರು’ ಆಗಿಬಿಡುತ್ತಾರೆ.

ಲಾಕ್‌ಡೌನಿನಲ್ಲಿ ‘ಹೆಂಡತಿ ಕೈಲಿ ಏಟು ತಿಂದ ಗಂಡ’ನ ಜೋಕುಗಳು ಎಷ್ಟು ಬಂದವೆಂದರೆ ಲೆಕ್ಕವಿಲ್ಲ. ಆದರೆ 2020ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಮಹಿಳಾ ಆಯೋಗ, ಮನೆಯೊಳಗಿನ ಹಿಂಸೆಯ ಬಗ್ಗೆ ಹೆಂಗಸರಿಂದ ಬರುವ ದೂರುಗಳು ಹೆಚ್ಚಾಗಿವೆ ಎಂದಿತ್ತು. ಮನೆ ತುಂಬಾ ಜನರಿರುವಾಗ ಫೋನ್ ಹಿಡಿದು ದೂರು ಕೊಡುವುದೂ ಸುಲಭವಿರಲಿಲ್ಲ. ಮನೆಯೊಳಗೆ ನಡೆಯುತ್ತಿದ್ದದ್ದಕ್ಕೂ ಮೊಬೈಲಿನಲ್ಲಿ ಓಡುತ್ತಿದ್ದ ಚಿತ್ರಕ್ಕೂ ತಲೆಕೆಳಗಿನ ಸಂಬಂಧ.

ಸರ್ಕಾರವೇ ಜೋಕು ಮಾಡಿದರೆ?

ತೈವಾನ್ ಇದನ್ನು ಮಾಡಿ ನೋಡಿತು. 2020ರ ಫೆಬ್ರವರಿಯಲ್ಲಿ ಅಲ್ಲೊಂದು ಪುಕಾರು ಎದ್ದಿತು. ಮಾಸ್ಕ್ ಮಾಡಲು ಟಾಯ್ಲೆಟ್ ಪೇಪರಿನ ಕಚ್ಚಾವಸ್ತುವನ್ನೇ ಬಳಸುತ್ತಿದ್ದಾರಂತೆ, ಇನ್ನು ಪೇಪರ್ ಸಿಗುವುದಿಲ್ಲವಂತೆ! ಜನ ಅಂಗಡಿಗೆ ಮುಗಿಬಿದ್ದರು. ಆಗ ಪ್ರಧಾನಿ ಸು ತ್ಸೆಂಗ್-ಚಾಂಗ್ ಒಂದು ಕಾರ್ಟೂನ್ ಬಿಟ್ಟರು. ಅದರಲ್ಲಿ ಅವರೇ ಬೆನ್ನು ತಿರುಗಿಸಿ ಕುಂಡೆ ಅಲ್ಲಾಡಿಸುತ್ತಿದ್ದಾರೆ. ‘ನಮಗೆಲ್ಲ ಇರುವುದು ಒಂದೇ ಅಲ್ಲವೇ’ ಎನ್ನುವ ಅರ್ಥದ ಸಾಲು. ಕೆಳಗೆ ಒಂದು ಪುಟ್ಟ ಪಟ್ಟಿ. ಟಾಯ್ಲೆಟ್ ಪೇಪರಿಗೆ ಬೇಕಾದ ತಿರುಳು ಬರುವುದು ದಕ್ಷಿಣ ಅಮೆರಿಕದಿಂದ, ಮಾಸ್ಕ್‌ಗೆ ಬೇಕಾದದ್ದು ತೈವಾನ್‌ನಲ್ಲೇ ಆಗುತ್ತದೆ. ನಗಲು ಬಂದವರು ಆ ಪಟ್ಟಿಯನ್ನೂ ಓದಿದರು, ಹಂಚಿದರು.

ಆಗ ಡಿಜಿಟಲ್ ಸಚಿವೆಯಾಗಿದ್ದ ಆಡ್ರಿ ತಾಂಗ್ ಇದನ್ನೊಂದು ನೀತಿಯಂತೆಯೇ ವಿವರಿಸುತ್ತಿದ್ದರು: ಪುಕಾರಿಗಿಂತ ಬೇಗ ಓಡುವ ನಗು ಬೇಕು. ಆರೋಗ್ಯ ಇಲಾಖೆ ಶಿಬಾ ತಳಿಯ ನಾಯಿಯೊಂದರ ಫೋಟೊ ಇಟ್ಟುಕೊಂಡು ನಿಯಮಗಳನ್ನು ಹೇಳಿತು. ಒಳಗಿದ್ದರೆ ಮೂರು ನಾಯಿಗಳಷ್ಟು ಅಂತರ, ಹೊರಗಿದ್ದರೆ ಎರಡು. ಇಲ್ಲಿ ನಗೆಪಾಟಲಾದವರು ಸ್ವತಃ ಪ್ರಧಾನಿ ಮತ್ತು ಒಂದು ನಾಯಿ. ರೋಗಿಗಳಲ್ಲ, ಹೆದರಿ ಪೇಪರ್ ಕೊಂಡವರೂ ಅಲ್ಲ. ಇದನ್ನು ಎಲ್ಲ ಸರ್ಕಾರಗಳೂ ನಕಲು ಮಾಡಬಹುದು ಎಂದು ನನಗನಿಸುವುದಿಲ್ಲ. ಬೆಡ್ ಸಿಗದೆ ಅಲೆಯುತ್ತಿರುವವನಿಗೆ ಇಲಾಖೆಯ ಪೇಜಿನಲ್ಲಿ ಮೀಮ್ ಕಂಡರೆ ರಕ್ತ ಕುದಿಯುತ್ತದೆ. ಮೊದಲು ಕೆಲಸ ನಡೆಯುತ್ತಿರಬೇಕು.

ಜೋಕಿಗೆ ಶಿಕ್ಷೆ ಇದೆಯಾ?

2020ರ ಏಪ್ರಿಲ್ 1ರಂದು ಗೂಗಲ್ ತನ್ನ ವಾಡಿಕೆಯ ಏಪ್ರಿಲ್ ಫೂಲ್ ತಮಾಷೆಗಳನ್ನು ಕೈಬಿಟ್ಟಿತು. ಥಾಯ್ಲೆಂಡ್ ಮತ್ತು ಇದೇ ತೈವಾನ್, ಆ ದಿನ ಕೊರೊನಾ ಹೆಸರಲ್ಲಿ ಸುಳ್ಳು ಹಬ್ಬಿಸಿದರೆ ಜೈಲು ಎಂದು ಮೊದಲೇ ಎಚ್ಚರಿಸಿದವು.

ನಮ್ಮಲ್ಲಿ ಜೋಕು ಹೇಳುವುದು ಅಪರಾಧವಲ್ಲ. ಆನ್‌ಲೈನ್ ಮಾತಿಗೆ ಜೈಲಿಗೆ ಕಳಿಸಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದು ಮಾಡಿದೆ. ಆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರಲ್ಲಿ ಗಾಬರಿ ಹುಟ್ಟಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ‘ಡ್ಯಾಮ್ ಒಡೆದಿದೆ, ಓಡಿ’ ಎಂದು ನಗೆಯ ಎಮೋಜಿ ಹಾಕಿ ಕಳಿಸಿದರೂ, ಮೂರನೇ ಗ್ರೂಪಿಗೆ ಹೋಗುವಾಗ ಯಾರೋ ಅದನ್ನು ತಮ್ಮ ಮಾತಿನಲ್ಲಿ ಟೈಪ್ ಮಾಡುತ್ತಾರೆ. ಎಮೋಜಿ ಅಲ್ಲೇ ಉಳಿಯುತ್ತದೆ, ಡ್ಯಾಮ್ ಮಾತ್ರ ಮುಂದೆ ಹೋಗುತ್ತದೆ.